ಬಿಸಿಲ ನಾಡಿನಲ್ಲಿ ಮೀಸೆ ಮೀನು: ನೀರಿನ ಉಷ್ಣತೆ ಎಷ್ಟಿರಬೇಕು?

ಮೀನು ಸಾಕಣೆ ಎಂದೊಡನೆ ನಮ್ಮ ರೈತರಿಗೆ ನೆನಪಾಗುವುದು ಕಟ್ಲಾ, ರೋಹು. ಆದರೆ ಅಂದಕ್ಕಾಗಿ ಗಾಜಿನ ತೊಟ್ಟಿಯಲ್ಲಿ ಇಡುವ ಸಣ್ಣ ಮೀನುಗಳಿಗೂ ಪಟ್ಟಣಗಳಲ್ಲಿ ಗಿರಾಕಿಗಳುಂಟು. ತೊಟ್ಟಿಯ ತಳದಲ್ಲಿ ಮೀಸೆಯಾಡಿಸುತ್ತ ಆಹಾರ ಹುಡುಕುವ ಕ್ಯಾಟ್‌ಫಿಶ್ ಅಂಥವುಗಳಲ್ಲೊಂದು. ಹಿತ್ತಲಲ್ಲಿ ಎರಡು ಸಿಮೆಂಟ್ ತೊಟ್ಟಿಗಳಿದ್ದರೆ ಇದನ್ನು ಉಪಕಸುಬಾಗಿ ಮಾಡಬಹುದು. ರಾಯಚೂರು, ಮಾನ್ವಿ, ದೇವದುರ್ಗದ ಕಡೆಯವರು ಮಾತ್ರ ಮೊದಲು ನೀರಿನ ಉಷ್ಣತೆಯನ್ನು ಅರಿತು, ಅನಂತರ ಮೀನು ಕೊಳ್ಳಬೇಕು.

ಶಾಖವೇ ಶತ್ರು

ಚಳಿ ದೇಶದವರು ಬರೆದ ಪುಸ್ತಕಗಳು ನೀರನ್ನು ಕಾಯಿಸುವ ಉಪಾಯ ಹೇಳುತ್ತವೆ. ನಮಗೆ ಬೇಕಾದದ್ದು ತಂಪು ಮಾಡುವ ಉಪಾಯ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ಸೆಂಟಿಗ್ರೇಡ್ ದಾಟುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಒಂದು ಲೀಟರ್ ನೀರು 20 ಡಿಗ್ರಿಯಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು ಏಳೂವರೆ ಮಿಲಿಗ್ರಾಂ. ಅದೇ ಹೊತ್ತಿಗೆ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ತಳದ ಮೀನುಗಳು ಮತ್ತೆ ಮತ್ತೆ ಮೇಲೆ ಬಂದು ಗಾಳಿ ನುಂಗತೊಡಗಿದರೆ ಅಪಾಯ ಹತ್ತಿರವಿದೆ ಎಂದೇ ತಿಳಿಯಬೇಕು.

ಯಾವ ಜಾತಿಗೆ ಎಷ್ಟು?

ಎಲ್ಲಕ್ಕೂ ಒಂದೇ ಅಳತೆ ಸಲ್ಲದು. ದಕ್ಷಿಣ ಅಮೆರಿಕದ ಕೋರಿಡೋರಾಸ್ ಮೀನುಗಳಲ್ಲಿ ಚುಕ್ಕೆಯ ಜಾತಿಗೆ 20ರಿಂದ 24 ಡಿಗ್ರಿ ಹಿತ. ಇದು ನಮ್ಮ ಬೇಸಿಗೆಗೆ ಒಗ್ಗದು. ಕಂಚಿನ ಬಣ್ಣದ್ದಕ್ಕೆ 22ರಿಂದ 26 ಡಿಗ್ರಿ ಬೇಕು. ಸ್ಟರ್ಬಾಯ್ ಎಂಬ ಜಾತಿ 24ರಿಂದ 28 ಡಿಗ್ರಿಯಲ್ಲಿ ಚೆನ್ನಾಗಿರುತ್ತದೆ. ಹೊಸಬರು ಇದರಿಂದ ಆರಂಭಿಸುವುದು ಲೇಸು. ಪಾಚಿ ತಿನ್ನುವ ಆನ್ಸಿಸ್ಟ್ರಸ್ ಮೀನಿಗೆ 23ರಿಂದ 27 ಡಿಗ್ರಿ ಸಾಕು. ನಮ್ಮದೇ ಆದ ಚೇಳು ಮೀನು ಮತ್ತು ಮುರುಗೋಡು ಗಾಳಿಯನ್ನೂ ಉಸಿರಾಡುವುದರಿಂದ ಹೆಚ್ಚು ಶಾಖ ತಡೆಯುತ್ತವೆ. ಆದರೆ ಚೇಳು ಮೀನಿನ ಮುಳ್ಳು ವಿಷದ್ದು, ಬರಿಗೈಯಿಂದ ಹಿಡಿಯಕೂಡದು.

ತಂಪು ಮಾಡುವ ಬಗೆ

ಉಷ್ಣಮಾಪಕವನ್ನು ತೊಟ್ಟಿಯ ತಳದ ಬಳಿ ಇಟ್ಟು, ಬೆಳಿಗ್ಗೆ 6ಕ್ಕೂ ಮಧ್ಯಾಹ್ನ 3ಕ್ಕೂ ನೋಡಿ ಬರೆದಿಡಬೇಕು. ತೊಟ್ಟಿ ದಪ್ಪ ಗೋಡೆಯ ಕೋಣೆಯಲ್ಲೋ ಚಪ್ಪರದ ನೆರಳಿನಲ್ಲೋ ಇರಲಿ. ಸಿಮೆಂಟ್ ತೊಟ್ಟಿಯ ಹೊರಮೈಗೆ ಒದ್ದೆ ಗೋಣಿಚೀಲ ಸುತ್ತಬೇಕು. ನೀರಿನ ಮೇಲ್ಮೈಗೆ ಫ್ಯಾನಿನ ಗಾಳಿ ಬಿಟ್ಟರೆ, ನಮ್ಮ ಒಣ ಹವೆಯಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆರಿದಷ್ಟು ನೀರನ್ನು ಮತ್ತೆ ತುಂಬಬೇಕು. ಮಂಜುಗಡ್ಡೆಯನ್ನು ನೇರವಾಗಿ ಸುರಿಯಕೂಡದು. ಒಮ್ಮೆಲೇ ತಣಿದರೆ ಮೀನಿಗೆ ಆಘಾತವಾಗುತ್ತದೆ. ಕರೆಂಟು ಹೋದಾಗ ಚೊಂಬಿನಿಂದ ನೀರನ್ನು ಎತ್ತಿ ಎತ್ತಿ ಹೊಯ್ದರೂ ಗಾಳಿ ಬೆರೆಯುತ್ತದೆ. ಸೆಖೆಯ ದಿನಗಳಲ್ಲಿ ಆಹಾರ ಅರ್ಧ ಸಾಕು. ಕೊಳೆತ ಆಹಾರವೂ ಆಮ್ಲಜನಕವನ್ನು ತಿನ್ನುತ್ತದೆ.

ಮರಿ ಮಾಡಿಸಲು

ಮೃಗಶಿರಾ ಮಳೆ ಬಿದ್ದಾಗ ನಮ್ಮ ಹಳ್ಳದ ಮೀನು ಏರುವುದನ್ನು ಕಾಣದ ರೈತರಿಲ್ಲ. ಕೋರಿಡೋರಾಸ್ ಮೀನಿಗೂ ಮಳೆಯ ತಂಪೇ ಸೂಚನೆ. ಒಂದು ಹೆಣ್ಣಿಗೆ ಎರಡು ಗಂಡಿನಂತೆ ಬಿಟ್ಟು, ಎರಡು ವಾರ ಕತ್ತರಿಸಿದ ಎರೆಹುಳು ಮುಂತಾದ ಒಳ್ಳೆಯ ಆಹಾರ ಕೊಡಬೇಕು. ಬಳಿಕ ಸಂಜೆ ಮೂರನೇ ಒಂದು ಪಾಲು ನೀರು ತೆಗೆದು, ಎರಡು ಮೂರು ಡಿಗ್ರಿ ತಂಪಾದ ನೀರನ್ನು ನಿಧಾನವಾಗಿ ತುಂಬಬೇಕು. ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ಬಳಸಬೇಕು. ಎರಡು ಮೂರು ಸಂಜೆ ಹೀಗೆ ಮಾಡಿದರೆ ಗಾಜಿಗೂ ಎಲೆಗೂ ಮೊಟ್ಟೆ ಅಂಟಿಸುತ್ತವೆ. ತಾಯ್ತಂದೆ ಮೀನುಗಳೇ ಮೊಟ್ಟೆ ತಿನ್ನುವುದರಿಂದ, ಮೊಟ್ಟೆಗಳನ್ನು ಬೇರೆ ತೊಟ್ಟಿಗೆ ಸಾಗಿಸಬೇಕು. 25 ಡಿಗ್ರಿಯ ಆಸುಪಾಸಿನಲ್ಲಿ ಮೂರರಿಂದ ಐದು ದಿನಕ್ಕೆ ಮರಿ ಹೊರಬರುತ್ತವೆ. ಬೂಸ್ಟು ಹಿಡಿದ ಬಿಳಿ ಮೊಟ್ಟೆಗಳನ್ನು ಆಗಾಗ ತೆಗೆಯಬೇಕು. ಮೇ ತಿಂಗಳ ಕಾವಿನಲ್ಲಿ ಈ ಪ್ರಯತ್ನ ಬೇಡ. ಜೂನ್ ಮಳೆಗೆ ಕಾಯುವುದೇ ಜಾಣತನ.

ಕಾಲುವೆಗೆ ಬಿಡಬೇಡಿ

ಕೊನೆಯದಾಗಿ ಒಂದು ಎಚ್ಚರಿಕೆ. ತೊಟ್ಟಿ ಸಾಲದೆಂದು ಮಾನ್ವಿಯ ತುಂಗಭದ್ರಾ ಎಡದಂಡೆ ಕಾಲುವೆಗಾಗಲಿ, ದೇವದುರ್ಗದ ನಾರಾಯಣಪುರ ಬಲದಂಡೆ ಕಾಲುವೆಗಾಗಲಿ ಪರದೇಶದ ಮೀನನ್ನು ಎಸೆಯಲೇಕೂಡದು. ಸಕ್ಕರ್ ಎಂದು ಮಾರುವ ಮೀನು ಒಂದು ಅಡಿಗೂ ಮೀರಿ ಬೆಳೆದು, ನಮ್ಮ ಮೀನುಗಳ ಮೇವಿಗೂ ನೆಲೆಗೂ ಸಂಚಕಾರ ತರುತ್ತದೆ. ಆಫ್ರಿಕಾದ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಬೇಡವಾದ ಮೀನನ್ನು ಅಂಗಡಿಗೇ ಮರಳಿಸಿ. ತೊಟ್ಟಿಯಲ್ಲಿ ಆದ ತಪ್ಪು ನಾಲ್ಕು ಮೀನಿನ ನಷ್ಟಕ್ಕೆ ಮುಗಿಯುತ್ತದೆ. ಕಾಲುವೆಯಲ್ಲಿ ಆದ ತಪ್ಪು ಬಲೆ ಬೀಸಿ ಬದುಕುವ ನೆರೆಯವನ ತುತ್ತಿಗೆ ಬರುತ್ತದೆ.