ಹೊಳೆಯ ಲೆಕ್ಕಕ್ಕೆ ಬಿದ್ದ ಬೀಗ

ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿ, ಗಡಿ ದಾಟಿದ ಮೇಲೆ ಮಾಂಡೋವಿ ಅನ್ನಿಸಿಕೊಂಡು ಪಣಜಿಯ ಮಗ್ಗುಲಲ್ಲಿ ಕಡಲು ಸೇರುತ್ತಾಳೆ. ಆಕೆಯ ನೀರು ಯಾರದು ಎಂಬ ಜಗಳ ಎಲ್ಲರಿಗೂ ಗೊತ್ತು. ಆದರೆ ಗೋವಾದ ಹೊಳೆಗಳ ನೀರಿನ ಲೆಕ್ಕವನ್ನೇ ಕಳ್ಳರು ಕಟ್ಟಿಹಾಕಿದ ಸಂಗತಿ ಬಹಳ ಮಂದಿಗೆ ಗೊತ್ತಿಲ್ಲ.

ಗೋವಾ ಸರ್ಕಾರದ ಜಲಸಂಪನ್ಮೂಲ ಇಲಾಖೆ ರಾಜ್ಯದ ಮುಖ್ಯ ನದಿಗಳ ಮೇಲೆ 15 ಪ್ರವಾಹ ನಿಗಾ ಕೇಂದ್ರಗಳನ್ನು ಇಟ್ಟಿತ್ತು. ಅಲ್ಲಿನ ಮಾಹಿತಿ ಪಣಜಿಯ ಕಂಪ್ಯೂಟರಿಗೆ ಬಂದು ಸೇರುತ್ತಿತ್ತು. 2022ರ ಜೂನ್ 21, ಮಳೆಗಾಲ ಶುರುವಾದ ಹೊತ್ತು. ನಡುರಾತ್ರಿ 12ರಿಂದ 2 ಗಂಟೆಯ ಒಳಗೆ ಅಲ್ಲಿನ ಕಡತಗಳಿಗೆಲ್ಲ ಬೀಗ ಬಿತ್ತು. ಕಡತಗಳ ಹೆಸರಿನ ಬಾಲಕ್ಕೆ ‘ಇಕಿಂಗ್’ ಎಂಬ ಪದ ಅಂಟಿಕೊಂಡಿತು. ತೆಗೆಯಬೇಕಾದರೆ ಬಿಟ್‌ಕಾಯಿನ್ ರೂಪದಲ್ಲಿ ಹಣ ಕೊಡಿ ಎಂಬ ಬೇಡಿಕೆ ಪರದೆಯ ಮೇಲೆ ಬಂತು.

ಇಲಾಖೆ ಪೊಲೀಸರ ಸೈಬರ್ ವಿಭಾಗಕ್ಕೆ ದೂರು ಕೊಟ್ಟಿತು. ಕಾರಣವೂ ಆ ದೂರಿನಲ್ಲೇ ಇತ್ತು: ಯಂತ್ರ ಹಗಲೂ ರಾತ್ರಿ ಇಂಟರ್ನೆಟ್ಟಿಗೆ ತೆರೆದಿತ್ತು, ಆ್ಯಂಟಿವೈರಸ್ ಇರಲಿಲ್ಲ, ಫೈರ್‌ವಾಲ್ ಎಂಬ ಕಾವಲುಗೋಡೆ ಹಳತಾಗಿತ್ತು. ‘ಚೇತುಲು ಕಾಲಾಕ ಆಕುಲು ಪಟ್ಟುಕೊನ್ನಟ್ಟು’ ಅಂತ ತೆಲುಗಿನಲ್ಲಿ ಗಾದೆ ಇದೆ. ಕೈ ಸುಟ್ಟ ಮೇಲೆ ಎಲೆ ಹಿಡಿದರೆ ಏನು ಬಂತು?

ಬೀಗ ಕೆಟ್ಟದ್ದಲ್ಲ

ಈ ಬೀಗಕ್ಕೆ ಎನ್‌ಕ್ರಿಪ್ಷನ್ ಅಂತಾರೆ. ಮೊಬೈಲಿನಲ್ಲಿ ನಾವು ಕಳಿಸೋ ದುಡ್ಡನ್ನು ಕಾಯೋದೂ ಇಂಥದೇ ವಿದ್ಯೆ. ಕೀಲಿ ನಮ್ಮ ಕೈಯಲ್ಲಿದ್ದರೆ ರಕ್ಷಣೆ, ಕಳ್ಳನ ಕೈಯಲ್ಲಿದ್ದರೆ ಸುಲಿಗೆ. ಸುಲಿಗೆಯ ಈ ಬಗೆಗೆ ರ‍್ಯಾನ್ಸಮ್‌ವೇರ್ ಎಂದು ಹೆಸರು.

ಇದು ಸರ್ಕಾರದ ಪಾಡು, ನಮಗೇನು ಅನ್ನುವಂತಿಲ್ಲ. 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಎಂಬ ಪಿಡುಗು ಲೋಕವೆಲ್ಲ ಸುತ್ತಿ, ಆಂಧ್ರದ ಪೊಲೀಸ್ ಠಾಣೆಗಳ ಕಂಪ್ಯೂಟರುಗಳಿಗೂ ಹೊಕ್ಕಿತು. ಅದಕ್ಕೆ ಮದ್ದನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. 2024ರ ಜುಲೈ ಕೊನೆಗೆ ಬ್ಯಾಂಕುಗಳಿಗೆ ತಂತ್ರಾಂಶ ಒದಗಿಸುವ ಒಂದು ಕಂಪನಿಗೆ ಇಂಥದೇ ಪೆಟ್ಟು ಬಿದ್ದು, ಸುಮಾರು 300 ಸಣ್ಣ ಸಹಕಾರಿ, ಗ್ರಾಮೀಣ ಬ್ಯಾಂಕುಗಳ ಹಣ ಪಾವತಿ ತಾತ್ಕಾಲಿಕವಾಗಿ ನಿಂತಿತು. ಅಂಥ ಬ್ಯಾಂಕುಗಳಲ್ಲೇ ಅಲ್ಲವೇ ನಮ್ಮ ಸಾಲ, ಠೇವಣಿ ಇರೋದು?

ಬೀಜದ ಕಾಳು ಬೇರೆ ಇಡಿ

ಇವತ್ತು ಮಂಡಿಯ ಕಿರ್ದಿ-ಖಾತೆ, ಉದ್ರಿ ಬಾಕಿ, ಜಿಎಸ್‌ಟಿ ಲೆಕ್ಕ ಎಲ್ಲ ಕಂಪ್ಯೂಟರಿನ ಹೊಟ್ಟೆಯಲ್ಲಿದೆ. ಒಂದು ರಾತ್ರಿ ಅದಕ್ಕೆ ಬೀಗ ಬಿದ್ದರೆ ಯಾರು ಎಷ್ಟು ಕೊಡಬೇಕು ಎಂಬುದೇ ಮಾಯ.

ರೈತ ಉಣ್ಣೋ ಜೋಳದ ಜೊತೆ ಬಿತ್ತನೆ ಜೋಳ ಸುರಿಯೋದಿಲ್ಲ. ಬೂದಿ ಬೆರೆಸಿ ಬೇರೆ ಗಡಿಗೆಯಲ್ಲಿ ಇಡುತ್ತಾನೆ. ಲೆಕ್ಕಕ್ಕೂ ಅದೇ ನೀತಿ. ವಾರಕ್ಕೊಮ್ಮೆಯಾದರೂ ಪ್ರತಿ ತೆಗೆದು ಹಾರ್ಡ್ ಡಿಸ್ಕಿಗೆ ಹಾಕಿ, ವೈರು ಕಿತ್ತು ಬೀರುವಿನಲ್ಲಿಡಿ. ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟ ಡಿಸ್ಕಿಗೂ ಬೀಗ ಬೀಳುತ್ತದೆ. ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. ಆಗಾಗ ತೆರೆದು ನೋಡಿ. ಮೊಳಕೆ ಪರೀಕ್ಷೆ ಮಾಡದ ಬೀಜ ನಂಬೋದು ಹೇಗೆ?

ಗುರುತಿಲ್ಲದವರು ಕಳಿಸಿದ ‘ಬಿಲ್ಲು’, ‘ನೋಟಿಸು’ ಒತ್ತಬೇಡಿ. ಕದ್ದ ಪ್ರತಿಯ ತಂತ್ರಾಂಶ ಹಾಕಿಸಬೇಡಿ. ಅಪ್‌ಡೇಟ್ ಕೇಳಿದಾಗ ಮುಂದೂಡಬೇಡಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಅನ್ನೋದು ನೆನಪಿರಲಿ. ರಿಪೇರಿಯವರು ದೂರದಿಂದ ಕಂಪ್ಯೂಟರ್ ನಡೆಸೋ ಬಾಗಿಲು ತೆರೆದಿದ್ದರೆ, ಕೆಲಸ ಮುಗಿದ ಕೂಡಲೇ ಮುಚ್ಚಿಸಿ.

ಬೀಗ ಬಿದ್ದೇಬಿಟ್ಟರೆ ಮೊದಲು ಇಂಟರ್ನೆಟ್ ವೈರು ಕೀಳಿ. ಪರದೆಯ ಫೋಟೋ ತೆಗೆದು, 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಹಣ ಕೊಟ್ಟರೆ ಕೀಲಿ ಬಂದೇ ಬರುತ್ತದೆ ಎಂಬ ಖಾತ್ರಿ ಇಲ್ಲ. ಕಳ್ಳನ ಮಾತಿಗೆ ಜಾಮೀನು ಯಾರು? ಬೀಗ ಬಿದ್ದ ಕಡತಗಳನ್ನು ಮಾತ್ರ ಅಳಿಸಬೇಡಿ. ಗೋವಾದ ‘ಇಕಿಂಗ್’ ಬೀಗ ‘ಫೋಬೋಸ್’ ಎಂಬ ಕುಲಕ್ಕೆ ಸೇರಿದ್ದು. ಆ ಕುಲದ ಹಲವು ಬೀಗಗಳನ್ನು ತೆಗೆಯುವ ತಂತ್ರಾಂಶವನ್ನು ಜಪಾನಿನ ಪೊಲೀಸರು 2025ರ ಜುಲೈಯಲ್ಲಿ ಉಚಿತವಾಗಿ ಬಿಡುಗಡೆ ಮಾಡಿದರು. ಪಣಜಿಯ ಆ ರಾತ್ರಿಗೆ ಆಗ ಮೂರು ವರ್ಷ ತುಂಬಿತ್ತು.

ಮೂರು ವರ್ಷ ಕಾಯೋ ಶಕ್ತಿ ಸರ್ಕಾರಕ್ಕಿರಬಹುದು. ಮಂಡಿಯ ವ್ಯಾಪಾರಿಗೆ ಮೂರು ದಿನವೂ ದುಬಾರಿ. ಈ ವಾರದ ಸಂತೆಗೆ ಹೋದಾಗ ಹಾರ್ಡ್ ಡಿಸ್ಕ್ ಒಂದು ತಂದಿಡಿ.