ಮಗ ಬಾಲಿಗ್ ಆಗುವ ಮೊದಲೇ ಮಾತಾಡೋಣ

ಮಕ್ಕಳಿಗೆ ಏಳು ವರ್ಷ ತುಂಬಿದಾಗ ನಮಾಝ್ ಕಲಿಸಬೇಕು ಎಂಬುದು ನಮಗೆಲ್ಲ ಗೊತ್ತು. ಆದರೆ ಆ ನಮಾಝ್ ಮಗನ ಮೇಲೆ ಫರ್ಝ್ ಆಗುವುದು ಯಾವಾಗ, ಅದರ ಗುರುತು ಏನು ಎಂದು ನಮ್ಮಲ್ಲಿ ಎಷ್ಟು ಮಂದಿ ತಂದೆಯರು ಹೇಳಿಕೊಟ್ಟಿದ್ದೇವೆ? ಮಗಳು ದೊಡ್ಡವಳಾದರೆ ತಾಯಿ ಪಕ್ಕದಲ್ಲಿರುತ್ತಾಳೆ. ಮಗನ ವಿಷಯದಲ್ಲಿ ಮಾತ್ರ, ತಾನಾಗಿ ತಿಳಿದುಕೊಳ್ಳುತ್ತಾನೆ ಎಂದು ಸುಮ್ಮನಿರುತ್ತೇವೆ. ಅವನು ತಿಳಿದುಕೊಳ್ಳುತ್ತಾನೆ ನಿಜ. ಆದರೆ ಯಾರಿಂದ? ಮೊಬೈಲಿನಿಂದ, ಅರ್ಧಂಬರ್ಧ ತಿಳಿದ ಗೆಳೆಯರಿಂದ, ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ‘ಧಾತು ದೌರ್ಬಲ್ಯ’ದ ಜಾಹೀರಾತಿನಿಂದ.

ಗಾಜನೂರಿನ ಜವಾಹರ ನವೋದಯ ವಿದ್ಯಾಲಯಕ್ಕೆ ಮಕ್ಕಳು ಆರನೇ ತರಗತಿಗೆ ಸೇರುತ್ತಾರೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ಆರನೇ ತರಗತಿಗೇ ಹೋಗುತ್ತಾರೆ. ಹತ್ತು, ಹನ್ನೊಂದು ವರ್ಷಕ್ಕೆ ಮನೆ ಬಿಡುವ ಹುಡುಗ ಬಾಲಿಗ್ ಆಗುವುದು ಹಾಸ್ಟೆಲಿನಲ್ಲೇ. ನಾವು ಟ್ರಂಕಿನಲ್ಲಿ ಬಟ್ಟೆ, ಸೋಪು, ಟೋಪಿ, ಮುಸಲ್ಲಾ ಎಲ್ಲ ಇಡುತ್ತೇವೆ. ಹೇಳಬೇಕಾದ ಒಂದು ಮಾತನ್ನು ಮಾತ್ರ ಹೇಳದೆ ಕಳುಹಿಸುತ್ತೇವೆ. ಒಂದು ಬೆಳಗಿನ ಜಾವ ಬಟ್ಟೆ ಒದ್ದೆಯಾಗಿ ಎಚ್ಚರಗೊಂಡಾಗ ಅವನು ತನಗೆ ರೋಗ ಬಂದಿದೆ ಎಂದುಕೊಳ್ಳುತ್ತಾನೆ, ಅಥವಾ ತಾನು ಪಾಪ ಮಾಡಿದೆ ಎಂದು ಹೆದರುತ್ತಾನೆ. ಸ್ನಾನದ ವಿಧಿ ಗೊತ್ತಿಲ್ಲದೆ ನಮಾಝ್ ಬಿಡಲು ಶುರುಮಾಡುತ್ತಾನೆ.

ದೇಹದಲ್ಲಿ ಆಗುವುದೇನು?

ಗಂಡುಮಕ್ಕಳಲ್ಲಿ ಈ ಬದಲಾವಣೆ ಸಾಮಾನ್ಯವಾಗಿ 9ರಿಂದ 14 ವರ್ಷದೊಳಗೆ ಆರಂಭವಾಗುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸೂಚನೆಯಂತೆ ವೃಷಣಗಳು ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನನ್ನು ಹೆಚ್ಚು ತಯಾರಿಸತೊಡಗುತ್ತವೆ. ಮೊದಲು ವೃಷಣಗಳು ದೊಡ್ಡದಾಗುತ್ತವೆ. ನಂತರ ಗುಪ್ತಾಂಗದ ಸುತ್ತ, ಕಂಕುಳಲ್ಲಿ, ಕೊನೆಗೆ ಮುಖದ ಮೇಲೆ ಕೂದಲು ಬರುತ್ತದೆ. ಬೇಗ ಬೆಳೆಯುವ ವರ್ಷದಲ್ಲಿ ಎತ್ತರ 8ರಿಂದ 10 ಸೆಂ.ಮೀ. ಹೆಚ್ಚಬಹುದು. ಧ್ವನಿ ಒಡೆಯುತ್ತದೆ, ಬೆವರಿನ ವಾಸನೆ ಬದಲಾಗುತ್ತದೆ, ಮೊಡವೆ ಏಳುತ್ತವೆ. ಸುಮಾರು ಅರ್ಧದಷ್ಟು ಹುಡುಗರಲ್ಲಿ ಎದೆಯ ತೊಟ್ಟಿನ ಕೆಳಗೆ ಸ್ವಲ್ಪ ಊತ, ನೋವು ಕಾಣಿಸಿಕೊಳ್ಳುತ್ತದೆ. ಬಹುತೇಕ ಅದು ಒಂದೆರಡು ವರ್ಷದಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಇದನ್ನು ಹಿಡಿದು ಗೆಳೆಯರು ಹಂಗಿಸಿದಾಗ ಹುಡುಗ ಅಂಗಿ ಬಿಚ್ಚಲೂ ನಾಚುತ್ತಾನೆ.

ನಿದ್ದೆಯಲ್ಲಿ ವೀರ್ಯ ಹೊರಬರುವುದು ಆರೋಗ್ಯದ ಲಕ್ಷಣವೇ ಹೊರತು ರೋಗವಲ್ಲ. ಅದರಿಂದ ಶಕ್ತಿ ಸೋರಿಹೋಗುವುದಿಲ್ಲ. ಅದಕ್ಕೆ ಯಾವ ಪುಡಿ, ಲೇಹ್ಯವೂ ಬೇಕಿಲ್ಲ. ಆದರೆ 9 ವರ್ಷಕ್ಕೆ ಮೊದಲೇ ಬದಲಾವಣೆ ಕಂಡರೆ, ಅಥವಾ 14 ತುಂಬಿದರೂ ಏನೂ ಕಾಣದಿದ್ದರೆ ವೈದ್ಯರಿಗೆ ತೋರಿಸಬೇಕು.

ಮನಸ್ಸಿನ ಏರಿಳಿತ

ನಿನ್ನೆಯವರೆಗೆ ಮಡಿಲಿಗೆ ಬಂದು ಒರಗುತ್ತಿದ್ದ ಮಗ ಇಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಸಣ್ಣ ಮಾತಿಗೂ ಸಿಡುಕುತ್ತಾನೆ, ಕನ್ನಡಿಯ ಮುಂದೆ ಹೊತ್ತು ಕಳೆಯುತ್ತಾನೆ, ಹೆಣ್ಣುಮಕ್ಕಳ ಕಡೆಗೆ ಆಕರ್ಷಣೆ ಹುಟ್ಟುತ್ತದೆ. ಇದು ಅಹಂಕಾರವಲ್ಲ. ದೇಹ ಮುಂದೆ ಓಡುತ್ತಿದೆ, ಮನಸ್ಸು ಅದರ ಹಿಂದೆ ಏದುಸಿರು ಬಿಡುತ್ತಿದೆ. ನೆಂಟರ ಮುಂದೆ ಅವನ ಒಡೆದ ಧ್ವನಿಯನ್ನು, ಚಿಗುರು ಮೀಸೆಯನ್ನು ತಮಾಷೆ ಮಾಡದಿರೋಣ. ಆದರೆ ಊಟ, ನಿದ್ದೆ, ಓದು ಬಿಟ್ಟು ವಾರಗಟ್ಟಲೆ ಮಂಕಾಗಿದ್ದರೆ ಕಾರಣ ಕೇಳಬೇಕು. ಮೈಮುಟ್ಟಿ ಕಾಡುವವರು ಗಂಡುಮಕ್ಕಳನ್ನೂ ಬಿಡುವುದಿಲ್ಲ. 2012ರ ಪೋಕ್ಸೋ ಕಾಯ್ದೆ ಗಂಡುಮಕ್ಕಳಿಗೂ ರಕ್ಷಣೆ ಕೊಡುತ್ತದೆ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಮಗನಿಗೂ ತಿಳಿಸಿರೋಣ.

ದೀನ್ ನಾಚಲಿಲ್ಲ

ನಾಚಿಕೆ ಈಮಾನಿನ ಭಾಗ. ಆದರೆ ಅದು ಇಲ್ಮ್‌ಗೆ ಅಡ್ಡಿಯಾಗಬಾರದು. ಹಝ್ರತ್ ಅಲೀ(ರ) ಅವರಿಗೆ ಇಂಥದೇ ಒಂದು ಪ್ರಶ್ನೆಯಿತ್ತು. ಆಕರ್ಷಣೆಯ ವೇಳೆ ಬರುವ ತಿಳಿಯಾದ ದ್ರವಕ್ಕೆ ಏನು ಮಾಡಬೇಕು ಎಂದು ಮಾವನವರಾದ ಪ್ರವಾದಿ(ಸ)ರನ್ನು ನೇರವಾಗಿ ಕೇಳಲು ನಾಚಿ, ಮಿಕ್ದಾದ್(ರ) ಅವರ ಮೂಲಕ ಕೇಳಿಸಿದರು. ತೊಳೆದುಕೊಂಡು ವುಝೂ ಮಾಡಿದರೆ ಸಾಕು ಎಂಬ ಉತ್ತರ ಬಂತು. ಉಮ್ಮು ಸುಲೈಮ್(ರ) ಅವರು ಸ್ವಪ್ನ ಸ್ಖಲನದ ಬಗ್ಗೆ ಪ್ರವಾದಿ(ಸ)ರನ್ನೇ ಕೇಳಿದರು. ಪ್ರವಾದಿ(ಸ) ಅವರನ್ನು ಗದರಲಿಲ್ಲ.

ಮಗ ತಿಳಿದಿರಬೇಕಾದದ್ದು ಇಷ್ಟು: ಸ್ವಪ್ನ ಸ್ಖಲನ ಪಾಪವಲ್ಲ. ಅದರಿಂದ ಉಪವಾಸ ಮುರಿಯುವುದಿಲ್ಲ. ಎದ್ದಾಗ ವೀರ್ಯದ ಒದ್ದೆ ಕಂಡರೆ ಗುಸ್ಲ್ ಕಡ್ಡಾಯ. ಕನಸು ನೆನಪಿದ್ದು ಒದ್ದೆ ಇಲ್ಲದಿದ್ದರೆ ಗುಸ್ಲ್ ಬೇಕಿಲ್ಲ. ನಿಯ್ಯತ್ ಮಾಡಿ, ಬಾಯಿ ಮುಕ್ಕಳಿಸಿ, ಮೂಗಿಗೆ ನೀರು ಹಾಕಿ, ಕೂದಲ ಬುಡವೂ ಒಣಗಿರದಂತೆ ಮೈಯೆಲ್ಲ ನೆನೆಸಬೇಕು. ಗುಪ್ತಾಂಗದ ಮತ್ತು ಕಂಕುಳ ಕೂದಲನ್ನು 40 ದಿನ ಮೀರದಂತೆ ತೆಗೆಯಬೇಕು. ಅಂದಿನಿಂದ ನಮಾಝ್, ಉಪವಾಸ ಅವನ ಮೇಲೆ ಫರ್ಝ್. ಯಾವ ಗುರುತೂ ಕಾಣದಿದ್ದರೆ ಚಾಂದ್ರಮಾನದ 15 ವರ್ಷ ತುಂಬಿದಾಗ ಬಾಲಿಗ್ ಎಂಬುದು ಹೆಚ್ಚಿನ ವಿದ್ವಾಂಸರ ತೀರ್ಪು. ಇಬ್ನು ಉಮರ್(ರ) ಅವರನ್ನು 14ನೇ ವಯಸ್ಸಿನಲ್ಲಿ ಉಹುದ್‌ಗೆ ಸೇರಿಸಿಕೊಳ್ಳದ ಪ್ರವಾದಿ(ಸ), 15ನೇ ವಯಸ್ಸಿನಲ್ಲಿ ಖಂದಕ್‌ಗೆ ಸೇರಿಸಿಕೊಂಡರು. ಬಾಲಿಗ್ ಆದವರು ಹಿರಿಯರ ಕೋಣೆಗೆ ಅನುಮತಿ ಕೇಳಿಯೇ ಬರಬೇಕೆಂದು ಸೂರಃ ಅನ್ನೂರ್ ಕಲಿಸುತ್ತದೆ. ಅವನ ಖಾಸಗಿತನವನ್ನು ನಾವೂ ಗೌರವಿಸೋಣ.

ಹೇಳುವುದು ಹೇಗೆ?

ಎದುರು ಕೂರಿಸಿಕೊಂಡು ಭಾಷಣ ಮಾಡಬೇಕಿಲ್ಲ. ಭಾನುವಾರ ತುಂಗಾ ಡ್ಯಾಮಿನ ಕಡೆಗೆ ಬೈಕಿನಲ್ಲಿ ಹೋಗುವಾಗ, ಒಬ್ಬರ ಮುಖ ಒಬ್ಬರು ನೋಡದೆಯೇ ಮಾತು ತೆಗೆಯಬಹುದು: “ಮಗಾ, ಇನ್ನು ಸ್ವಲ್ಪ ದಿನದಲ್ಲಿ ನಿನಗೂ ಹೀಗಾಗುತ್ತದೆ. ನನಗೂ ಆಗಿತ್ತು. ಹೆದರಬೇಡ.” ಈ ‘ನನಗೂ ಆಗಿತ್ತು’ ಎಂಬ ಮಾತೇ ಅರ್ಧ ಭಯ ಕಳೆಯುತ್ತದೆ. ಗಲ್ಫ್‌ನಲ್ಲಿರುವ ತಂದೆ ಫೋನಿನಲ್ಲೇ ಹೇಳಲಿ. ತಂದೆ ಇಲ್ಲದ ಮನೆಯಲ್ಲಿ ಮಾಮನೋ ತಾಯಿಯೋ ಹೇಳಲಿ. ವ್ಯಭಿಚಾರಕ್ಕೆ ಅನುಮತಿ ಕೇಳಿ ಬಂದ ಯುವಕನ ಮೇಲೆ ಜನರು ರೇಗಿದಾಗ, ಪ್ರವಾದಿ(ಸ) ಅವನನ್ನು ಹತ್ತಿರ ಕೂರಿಸಿ, ನಿನ್ನ ತಾಯಿಗೆ, ನಿನ್ನ ಸೋದರಿಗೆ ಹೀಗಾಗುವುದನ್ನು ಒಪ್ಪುತ್ತೀಯಾ ಎಂದು ಕೇಳಿ, ಅವನ ಮೇಲೆ ಕೈಯಿಟ್ಟು ದುಆ ಮಾಡಿದರು. ಕೇಳಲು ಬಂದವನನ್ನು ಓಡಿಸಲಿಲ್ಲ. ನಮ್ಮ ಮಗನೂ ನಮ್ಮ ಬಳಿಗೇ ಬಂದು ಕೇಳುವಂತಾಗಲಿ.

ಅಲ್ಲಾಹನು ನಮ್ಮ ಮಕ್ಕಳ ಯೌವನವನ್ನು ಕಾಪಾಡಲಿ, ಅವರೊಂದಿಗೆ ಸಕಾಲದಲ್ಲಿ ಮಾತಾಡುವ ಧೈರ್ಯವನ್ನು ನಮಗೆ ಕರುಣಿಸಲಿ. ಆಮೀನ್.