ರೀಲು ಹೋಯಿತು, ಹಾನಿ ಹೋಯಿತೇ?

ಪ್ರಶ್ನೆ: ಹಳೆಯ ಸಿನಿಮಾ ರೀಲುಗಳಲ್ಲಿ ಬೆಳ್ಳಿ ಇರುತ್ತಿತ್ತಂತೆ, ನಿಜವೇ? ಡಿಜಿಟಲ್ ಬಂದ ಮೇಲೆ ಪರಿಸರಕ್ಕೆ ಆಗುತ್ತಿದ್ದ ಹಾನಿ ತಪ್ಪಿತೇ?

ಉತ್ತರ: ಬೆಳ್ಳಿ ಇದ್ದದ್ದು ನಿಜ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಲೇಪ. ಅದರೊಳಗೆ ಬೆಳಕಿಗೆ ಸ್ಪಂದಿಸುವ ಬೆಳ್ಳಿ ಲವಣದ ಹರಳುಗಳು. ಕಪ್ಪು-ಬಿಳುಪು ಫಿಲಂನಲ್ಲಿ ಕಪ್ಪಾಗಿ ಕಾಣುವುದು ಬೆಳ್ಳಿಯ ಕಣಗಳೇ. ಬಣ್ಣದ ಫಿಲಂ ತೊಳೆಯುವಾಗ ಬೆಳ್ಳಿ ಕರಗಿ ಹೊರಬಂದು ಬಣ್ಣವಷ್ಟೇ ಉಳಿಯುತ್ತದೆ. ಎರಡೂವರೆ ಗಂಟೆಯ ಚಿತ್ರದ ಒಂದು 35 ಎಂಎಂ ಪ್ರತಿಗೆ ಸುಮಾರು 13,500 ಅಡಿ, ಅಂದರೆ ನಾಲ್ಕು ಕಿಲೋಮೀಟರಿಗೂ ಮಿಕ್ಕಿ ಫಿಲಂ ಬೇಕು. ತೊಳೆದ ದ್ರಾವಣ ಹಾಗೇ ಹೊಳೆ ಸೇರಿದರೆ ಜಲಚರಗಳಿಗೆ ಕುತ್ತು. ಅದಕ್ಕೇ ಲ್ಯಾಬುಗಳು ಅದರಲ್ಲಿ ವಿದ್ಯುತ್ ಹಾಯಿಸಿ ಬೆಳ್ಳಿ ಮರಳಿ ಪಡೆಯುತ್ತಿದ್ದವು, ಲಾಭವೂ ಇತ್ತೆನ್ನಿ. ಓಡಿ ಮುಗಿದ ಪ್ರತಿಗಳನ್ನೂ ಬೆಳ್ಳಿಯಾಸೆಗೆ ಮಾರಿದ್ದರಿಂದ ನಮ್ಮ ದೇಶದ ಎಷ್ಟೋ ಹಳೆಯ ಚಿತ್ರಗಳು ಇಲ್ಲವಾದವು.

ಡಿಜಿಟಲ್ ಬಂದು ಈ ರಾಸಾಯನಿಕಗಳ ಕಾಟ ಬಹುಮಟ್ಟಿಗೆ ತಪ್ಪಿತು, ಹಾನಿ ಮಾತ್ರ ಬೇರೆಡೆಗೆ ಸರಿಯಿತು. ಕ್ಯಾಮೆರಾ, ಬ್ಯಾಟರಿ, ಹಾರ್ಡ್ ಡಿಸ್ಕುಗಳ ಲೋಹಕ್ಕೆ ಗಣಿ ಅಗೆಯಬೇಕು. ಕೆಲವೇ ವರ್ಷಗಳಲ್ಲಿ ಅವೆಲ್ಲ ಇ-ತ್ಯಾಜ್ಯ. ತಣ್ಣಗಿನ, ತೇವವಿಲ್ಲದ ಕೋಣೆಯಲ್ಲಿಟ್ಟ ಫಿಲಂ ನೂರು ವರ್ಷ ಬಾಳೀತು. ಡಿಜಿಟಲ್ ಪ್ರತಿಯನ್ನು ಆಗಾಗ ಹೊಸ ಡಿಸ್ಕಿಗೆ ವರ್ಗಾಯಿಸುತ್ತಲೇ ಇರಬೇಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ, 2024ರಲ್ಲಿ ಜಗತ್ತಿನ ವಿದ್ಯುತ್ತಿನಲ್ಲಿ ಶೇ 1.5ರಷ್ಟನ್ನು ಇಂಥ ಡಿಜಿಟಲ್ ಕಡತಗಳನ್ನು ಇಟ್ಟು ಕಳಿಸುವ ಡೇಟಾ ಸೆಂಟರುಗಳು ಬಳಸಿದವು. ಸಿನಿಮಾದ್ದು ಅದರಲ್ಲೊಂದು ಪಾಲು. ಆನ್‌ಲೈನಿನಲ್ಲಿ ಚಿತ್ರ ನೋಡುವಾಗ ಹೆಚ್ಚಿನ ಕರೆಂಟು ಸುಡುವುದು ನಮ್ಮ ಮನೆಯ ದೊಡ್ಡ ಟಿವಿಯಲ್ಲೇ. ಇನ್ನು ಗಣಿ, ಇ-ತ್ಯಾಜ್ಯದ ಹೊರೆ ತಗ್ಗಿಸಲು, ಇರುವ ಟಿವಿ, ಫೋನನ್ನೇ ಇನ್ನಷ್ಟು ವರ್ಷ ಬಳಸುವುದು ನೋಡುಗರ ಕೈಲಾಗುವ ಉಪಾಯ.